ಹೊಸ್ತಿಲಿಗೆ ತಂದ ಪಾದ್ರಿ ಕಲ್ಲು

ನಗಬ್ಯಾಡ್ರಿ. ನಗೋರು ಈಗೇ ಎದ್ದು ಒಳಗ ಹೋಗಿ ಮಲಗ್ರಿ. ಇದು ನಮ್ಮ ಕಾಕಾನ ಮಗ ಕಾಶಿನಾಥಗ ಆಗಿದ್ದು. ತಾಂಡೂರಾಗ ನೆಲಕ್ಕ ಹಾಸೋ ಫರ್ಸಿ ಕಲ್ಲಿನ ಖಣಿ ನಡಸ್ತಾನಲ್ಲ... ಅವನೇ.

ಒಂದು ರಾತ್ರಿ ಗಾಡಿ ಕೆಟ್ಟು ಖಣಿಯಿಂದ ನಡಕೋತ ಬರಾಕತ್ತಿದ್ದ. ಸಂಗಟ ಹೆಂಡ್ತಿ ತಮ್ಮ ದತ್ತು. ದಾರಿಯಾಗ ಒಂದು ಹಳೇ ಬಾವಿ, ಬಾಜೂಕ ಆಲದ ಗಿಡ, ಗಿಡದ ಬುಡಕ್ಕ ಡಂಕನ್ ಪಾದ್ರಿ ಗೋರಿ. ನಿಜಾಮನ ಕಾಲದಾಗ ಸ್ಕಾಟ್ಲೆಂಡಿಂದ ಬಂದಂವ. ಅಲ್ಲಿ ಪಾದ್ರಿಗೋಳೇ ಬಿರುಸಂತ, ಇಂವ ಅವರಿಗಿಂತ ಬಿರುಸು. ಬಾವಿ ತೋಡಿಸಿದ, ಹುಡುಗರಿಗಿ ಅಕ್ಷರ ಕಲಿಸಿದ, ಇಲ್ಲ ಅನ್ನಂಗಿಲ್ಲ. ಆದ್ರ ಅವನ ಮುಂದ ಯಾರೂ ದೀಪ ಹಚ್ಚಂಗಿಲ್ಲ, ವಿಭೂತಿ ಹಚ್ಚಂಗಿಲ್ಲ, ಗಂಟಿ ಬಾರಿಸಂಗಿಲ್ಲ. ಎರಡೂ ಕೈ ಬೆನ್ನ ಹಿಂದ ಕಟ್ಟಿಕೊಂಡು, ತಲಿ ಕೆಳಗ ಹಾಕಿ ಓಣಿ ಓಣಿ ಅಡ್ಡಾಡ್ತಿದ್ನಂತ, ದೀಪ ಕಂಡ್ರ ಒದೀತಿದ್ನಂತ. ಮಂದಿ ಮನ್ಯಾಗ ಉಂಡು ಅವರ ದೇವ್ರಿಗೇ ಬೈಯೋದು ಎಲ್ಲಿ ರೀತಿರಿ? ನನಗಂತೂ ಅವನ ಹೆಸರು ಕೇಳಿದ್ರ ಮೈ ಉರೀತದ. ಹಂಗಂತ ಸತ್ತವನ ಗೋರಿಗಿ ಕೈ ಹಾಕ್ತಾರೇನು?

ಕಾಶಿನಾಥ ಹಾಕಿದ. ಬಗ್ಗಿ, ಬೆರಳಗೆಣ್ಣಿಲೆ ಕಲ್ಲಿಗಿ ಬಡದ. ಠಣ್... ಸೀಳು ಬಿಟ್ಟ ಕಲ್ಲಾದ್ರ ಡಬ್ ಅಂತದ. ಇದು ಠಣ್ ಅಂತು. ಆಗ ಹೊಸಾ ಮನಿ ಕಟ್ಟಾಕತ್ತಿದ್ದ, ತಲಬಾಗಲ ಹೊಸ್ತಿಲಿಗಿ ಕಲ್ಲು ಹುಡುಕಾಕತ್ತಿದ್ದ.

"ಇಂಥ ಕಲ್ಲು ಈಗ ಖಣ್ಯಾಗ ಸಿಗಂಗಿಲ್ಲೋ ದತ್ತು."

"ಮಾವಾ... ಗೋರಿ ಅದ."

"ಕೇಳಾಕ ಯಾರ ಬರ್ತಾರ?"

ಮರುದಿನ ರಾತ್ರಿ ಟ್ರ್ಯಾಕ್ಟರ್ ಒಯ್ದು ಕಿತ್ತು ತಂದ. ಅಕ್ಷರ ಇದ್ದ ಮಗ್ಗಲು ಕೆಳಗ ಮಾಡಿ ಕೂಡಿಸಿದ. ಹೆಂಡ್ತಿ ಜಗದೇವಿ ಬಾಯಿ ಬಿಟ್ಟು ಹೇಳಿದಳು. "ರೀ, ನಾವೂ ಹೂಳೋ ಮಂದಿ. ನಿಮ್ಮ ಮುತ್ಯಾನ ಗದ್ದಗಿ ಕಲ್ಲು ಯಾರರ ಒಯ್ದ್ರ ಸುಮ್ಮ ಇರ್ತೀರೇನು?" ಈ ಮಹಾಶಯ ಎಲ್ಲಿ ಕೇಳ್ತಾನ.

ಮನಿ ಹೊಕ್ಕ ದಿನ ಸಂಜೀಗಿ ಜಗದೇವಿ ಹೊಸ್ತಿಲಿಗಿ ಕುಂಕುಮ ಹಚ್ಚಿ ದೀಪ ಇಟ್ಟಳು. ಎಲ್ಲಾರೂ ಮಲಗಿದ ಮ್ಯಾಲ ಅಂಗಳದಾಗ ಸಪ್ಪಳ. ಖಟ್... ಖಟ್... ಮೊಳಿ ಬಡದ ಬೂಟು. ಹೊಸ್ತಿಲ ತನಾ ಬಂತು... ನಿಂತು. ಆಮ್ಯಾಲ, ಫೂ... ದೀಪ ಹೋತು.

ಮುಂಜಾನಿ ಮಗಳು ನೇಹಾ, ಸಣ್ಣ ಕೂಸು, ಹೊರಗ ಓಡಾಕ ಹೋಗಿ ಹೊಸ್ತಿಲದಾಗ ಕುಸದು ಕುಂತಳು. ಒಳಗ ಜಿಗದಾಡ್ತಾಳ, ಹೊಸ್ತಿಲಿಗಿ ಬಂದ್ರ ಕಾಲಾಗ ಜೀವ ಇಲ್ಲ. ಎತ್ತಿಕೊಂಡು ದಾಟಸಾಕ ಹೋದ್ರ ಚೀರ್ತಾಳ, "ಕಾಲು ಹಿಡದಾನವ್ವಾ!" ಹಿಂದಿನ ಬಾಗಲಕ್ಕ ಒಯ್ದ್ರೂ ಅಷ್ಟೇ. ಜಹೀರಾಬಾದಿಂದ ಡಾಕ್ಟರು ಬಂದು ನೋಡಿದ್ರು, ಏನೂ ಇಲ್ಲ ಅಂದ್ರು. ಹಗಲೆಲ್ಲಾ ಕಿಡಕಿ ಹಿಡಕೊಂಡು ನಿಲ್ತಿತ್ತು ಕೂಸು. ದಿನಾ ಸೊರಗಾಕತ್ತಿತ್ತು.

"ಆ ಕಲ್ಲು ಹೋಗ್ಬೇಕು, ಇಲ್ಲಂದ್ರ ನಾ ಹೋಗ್ತೀನಿ" ಅಂದಳು ಜಗದೇವಿ.

ಆಗ ಇಳೀತು ಇವನ ಸೊಕ್ಕು. ಕಲ್ಲು ಕಿತ್ತು ಟ್ರ್ಯಾಕ್ಟರಿಗಿ ಹಾಕ್ಕೊಂಡು, ಊರಿಗಿ ಗೊತ್ತಾಗಬಾರದಂತ ರಾತ್ರೀನೇ ಹೊಂಟ್ರು, ಇಂವ ಮತ್ತ ದತ್ತು. ಅಕ್ಷರ ಮ್ಯಾಲ ಮಾಡಿ ಇದ್ದ ಜಾಗಾದಾಗೇ ಇಟ್ರು. ಅಷ್ಟು ಮಾಡಿ ಬಂದಿದ್ರ ಮುಗೀತಿತ್ತು. ಆದ್ರ ನಮ್ಮ ಮಂದಿ ಕೈ ಸುಮ್ಮ ಇರ್ತಾವೇನ್ರಿ? ತಪ್ಪಾತಂದ್ರ ನಮಗ ಒಂದೇ ದಾರಿ ಗೊತ್ತು. ಕಾಶಿನಾಥ ಕಲ್ಲಿನ ಮ್ಯಾಲ ವಿಭೂತಿ ಎಳದ, ದೀಪ ಹಚ್ಚಿದ, ಕಾಯಿ ಒಡದ... ಆ ಪಾದ್ರಿ ಎದಿ ಮ್ಯಾಲ!

ಆಲದ ಎಲಿ ಸಪ್ಪಳ ನಿಂತು. ಹುಳದ ಸಪ್ಪಳ ನಿಂತು.

ಕಲ್ಲಿನ ಕೆಳಗಿಂದ... ಠಣ್.

"ಮಾವಾ..." ದತ್ತು ಪಿಸುಗುಟ್ಟಿದ. "ಒರಸ್ರಿ."

"ಏನು?"

"ಒರಸ್ರಿ, ವಿಭೂತಿ ಒರಸ್ರಿ!"

ಠಣ್... ಠಣ್... ಕಾಶಿನಾಥ ಟವಲ್‌ಲೆ ಒರಸಿದ, ದೀಪ ಒದ್ದ, ಕಾಯಿ ಎತ್ತಿ ಬಾವ್ಯಾಗ ಒಗದ. ಕೇಳ್ರಿ, ಬಾವಿ ತುಂಬ ನೀರದ, ಕಾಯಿ ಬಿದ್ದ ಸಪ್ಪಳ ಬರಲಿಲ್ಲ. ಇಬ್ಬರೂ ಟ್ರ್ಯಾಕ್ಟರ್ ಅಲ್ಲೇ ಬಿಟ್ಟು ಓಡಿ ಬಂದ್ರು.

ನಸುಕಿನ್ಯಾಗ ನೇಹಾ ತಾನೇ ಎದ್ದು ಬಾಗಲ ದಾಟಿ ಅಂಗಳಕ್ಕ ಇಳದಳು. ಜಗದೇವಿ ಖುಷೀಲೆ ಅಳಾಕತ್ತಿದಳು. ಆಮ್ಯಾಲ ಅಳು ನಿಂತು.

ಕೂಸು ಓಡಲಿಲ್ಲ, ಜಿಗೀಲಿಲ್ಲ. ಎರಡೂ ಕೈ ಬೆನ್ನ ಹಿಂದ ಕಟ್ಟಿಕೊಂಡು, ತಲಿ ಕೆಳಗ ಹಾಕಿ, ಅಂಗಳದ ಈ ಕಡಿಯಿಂದ ಆ ಕಡಿಗಿ ನಿಧಾನಕ ನಡೀತು. ತಿರುಗಿತು. ಮತ್ತ ನಡೀತು.

"ನೇಹಾ, ಕೈ ಮುಂದ ತಗಿಯವ್ವಾ..."

ಕೂಸು ನಿಂತು ತಾಯಿ ಮಾರಿ ನೋಡ್ತು. ನೋಡಿ, ಮತ್ತ ನಡೀತು.

ಇವತ್ತಿಗೂ ಹಂಗೇ ನಡೀತದ. ಜಗದೇವಿ ಗಂಡನ ಸಂಗಟ ಮಾತು ಬಿಟ್ಟಾಳ. ಹೋದ ದಸರಾಕ್ಕ ನಾನೇ ಹೋಗಿದ್ದೆ, ಕಣ್ಣಾರೆ ಕಂಡೀನಿ. ನಂಬಿಕಿ ಇಲ್ಲಂದ್ರ ನೀವೇ ಹೋಗಿ ನೋಡ್ರಿ, ಮುಂಜಾನಿ ಅಂಗಳದಾಗ ಇರ್ತಾಳ. ಅಕಿಗಿ ಈಗ ಏಳು ವರ್ಷ.