ತುಟಿಯ ಮೇಲಿನ ಖಾರ

ಒಬ್ಬ ಸಾಹುಕಾರ ಇದ್ದ. ಯಾವ ಊರು ಎಂದು ಕೇಳಬೇಡಿ, ನಿಮ್ಮದೇ ಎಂದುಕೊಳ್ಳಿ. ಆ ಮನೆಯಲ್ಲಿ ಸೊಸೆ ಮಾವನ ಮುಖ ನೋಡುವಂತಿರಲಿಲ್ಲ. ತಲೆಯ ಸೆರಗು ಹಣೆಗೆ ಇಳಿಬಿಟ್ಟು, ತಾಟು ನೋಡಿಕೊಂಡೇ ಬಡಿಸಬೇಕು.

ಒಂದು ದಿನ ರೊಟ್ಟಿ ಹಾಕುವಾಗ ಅವಳ ಕಣ್ಣು ಮೇಲೆ ಹೋಯಿತು. ಮಾವನ ಕೆಳತುಟಿಯ ಮೇಲೆ ಕೆಂಪು ಖಾರ ಮೆತ್ತಿತ್ತು. ಅವನಿಗೆ ಅದು ಗೊತ್ತೇ ಇಲ್ಲ! ನೋಡಿ, ಉರಿಯುವ ಖಾರ, ಆದರೂ ಗೊತ್ತಿಲ್ಲ. ಮರುದಿನವೂ ಹಾಗೆಯೇ.

ಅವಳು ಒಳಗೆ ಹೋಗಿ ಹೇಳಿದಳು, "ಅತ್ತೀ, ಮಾವಾರ ತುಟಿಗೆ ಖಾರ ಹತ್ತೇದ. ಅವರಿಗೆ ಉರೀನ ಆಗವಲ್ದು."

"ಮಾವನ ಮಾರಿ ನೋಡಾಕ ಕಲ್ತಿ? ನಾಳೆ ಹಲ್ಲೂ ಎಣಸ್ತಿ ತಗೋ! ಸೆರಗ ಎಳಕೋ."

ಒಲೆಯ ಮುಂದಿದ್ದವರೆಲ್ಲ ನಕ್ಕರು. ಅವಳು ಸೆರಗು ಎಳೆದುಕೊಂಡಳು. ಮತ್ತೆ ಹೇಳಲಿಲ್ಲ.

ಸಾಹುಕಾರನಿಗೆ ತುಟಿಯ ಜೋಮು ತಿಳಿದಿರಲಿಲ್ಲವೇ? ತಿಳಿದಿತ್ತು. ವೀಳ್ಯದೆಲೆಗೆ ಸುಣ್ಣ ಹೆಚ್ಚಾಗಿದೆ ಎಂದುಕೊಂಡ. ಆಮೇಲೆ ದವಡೆ ಹಲ್ಲು ಅಲುಗಾಡಿತು. "ಹಲ್ಲಿಗೆ ವಯಸ್ಸಾತು, ನನಗಲ್ಲ" ಎಂದು ನಗುತ್ತ ಕೀಳಿಸಿಕೊಂಡ. ಕಿತ್ತ ಜಾಗ ಮಾಯಲಿಲ್ಲ. ಅಲ್ಲಿ ಮಾಂಸ ಬೆಳೆಯಿತು, ಕೆನ್ನೆ ಊದಿತು. ಆಗ ದೊಡ್ಡ ಆಸ್ಪತ್ರೆಗೆ ಹೋದರು.

"ಇದು ದವಡೆ ಎಲುಬಿನಾಗ ಹುಟ್ಟಿದ ಕ್ಯಾನ್ಸರ್. ಭಾಳ ಅಪರೂಪ. ಈಗ ಶ್ವಾಸಕೋಶಕ್ಕೂ ಹೋಗೇದ," ಎಂದರು ಡಾಕ್ಟರು. "ಮದ್ಲ ತುಟಿ ಜೋಮು ಹಿಡದಿರಬೇಕಲ್ರಿ? ಮನ್ಯಾಗ ಯಾರೂ ನೋಡಲಿಲ್ಲೇನು?"

ಅತ್ತೆ ತನ್ನ ಸೆರಗನ್ನೇ ಮುಖಕ್ಕೆ ಎಳೆದುಕೊಂಡಳು.

ಕೊನೆಗೆ ಅವನ ಬಾಯಿ ಪೂರ್ತಿ ತೆರೆಯುತ್ತಿರಲಿಲ್ಲ, ಮಾತು ಹೊರಡುತ್ತಿರಲಿಲ್ಲ. ಚಮಚದಿಂದ ಗಂಜಿ ಹಾಕುವವಳು ಅದೇ ಸೊಸೆ. ಸೆರಗು ಹಿಂದಕ್ಕೆ ಸರಿಸಿ, ಅವನ ಮುಖವನ್ನೇ ನೋಡುತ್ತ ಹಾಕುತ್ತಿದ್ದಳು. ಯಾರೂ ಬೈಯಲಿಲ್ಲ. ಈಗ ನೋಡಬಹುದಿತ್ತು. ನೋಡಿ ಏನು ಮಾಡುವುದು? ಹೇಳಿ, ಏನು ಮಾಡುವುದು?

ತಾಯಂದಿರೇ, ಅಣ್ಣಂದಿರೇ, ಎಲ್ಲ ಜೋಮೂ ಇದೇ ರೋಗವಲ್ಲ. ಮೊದಲೇ ಹೋಗಿದ್ದರೆ ಖಂಡಿತ ಉಳಿಯುತ್ತಿದ್ದ ಎಂದೂ ನಾನು ಹೇಳಲಾರೆ. ಆದರೆ ತುಟಿ ಮರಗಟ್ಟಿದರೆ, ಹಲ್ಲು ಸುಮ್ಮನೆ ಅಲುಗಾಡಿದರೆ, ಕಿತ್ತ ಜಾಗ ಮಾಯದಿದ್ದರೆ ಡಾಕ್ಟರಿಗೆ ತೋರಿಸಿ. ತಪ್ಪನ್ನು ಸುಣ್ಣದ ಮೇಲೆ ಹಾಕಬೇಡಿ. ಈ ಮಾತನ್ನು ಎಷ್ಟೋ ಊರುಗಳಲ್ಲಿ ಹೇಳಿದ್ದೇನೆ. ಎಲ್ಲರೂ ತಲೆಯಾಡಿಸುತ್ತಾರೆ. ಈ ವೇದಿಕೆಯಿಂದ ನೋಡಿದರೆ ಇವತ್ತೂ ಸೆರಗುಗಳೇ ಕಾಣುತ್ತಿವೆ, ಮುಖಗಳು ಕಾಣುತ್ತಿಲ್ಲ.

ಈಗ ಪ್ರಸಾದಕ್ಕೆ ಕೂಡುತ್ತೀರಿ. ಬಡಿಸಲು ನಿಮ್ಮ ಸೊಸೆ ಬಂದಾಗ ಕೇಳಿ, "ತಾಯಿ, ನನ್ನ ಮುಖದಾಗ ಏನರ ಕಾಣ್ತದೇನು?" ಅವಳು ತಲೆಯೆತ್ತಿ ನೋಡಿ ಉತ್ತರ ಕೊಡುವವರೆಗೆ ತುತ್ತು ಎತ್ತಬೇಡಿ.