ಆಯೇರಿ ತೊಟ್ಟವನ ಕೈ

ಶರಣ ಬಂಧುಗಳೇ, ತಾಯಂದಿರೇ, ನಿನ್ನೆ ಕೊಡುವವನು ಹೇಗಿರಬೇಕು ಅಂತ ಮಾತಾಡಿದೆವು. ನೀವೆಲ್ಲ ಚೆನ್ನಾಗಿ ತಲೆದೂಗಿದಿರಿ. ಇವತ್ತು ತೆಗೆದುಕೊಳ್ಳುವವನ ಸರದಿ. ಇದು ಸ್ವಲ್ಪ ಇರುಸುಮುರುಸಿನ ವಿಷಯ. ಯಾಕಂದರೆ ಊರಲ್ಲಿ ಕೊಡುವವರು ನಾಲ್ಕು ಮಂದಿ, ತೆಗೆದುಕೊಳ್ಳುವವರು ನಾವೆಲ್ಲ. ಒಂದು ದೃಷ್ಟಾಂತ ಹೇಳುತ್ತೇನೆ, ಹಿಂದೆ ಕೂತವರು ಮಾತು ನಿಲ್ಲಿಸಿ ಕೇಳಿ.

ಒಂದು ಊರು ಅಂತ ಇಟ್ಟುಕೊಳ್ಳಿ. ಆ ಊರಿಗೊಬ್ಬ ಸಾವಕಾರ. ಹೆಸರು ಬೇಡ. ಹೆಸರು ಹೇಳಿದರೆ ನಿಮಗೆ ಪಕ್ಕದ ಓಣಿಯವನು ಯಾರೋ ನೆನಪಾಗುತ್ತಾನೆ, ಆಮೇಲೆ ನೀವು ಕಥೆ ಕೇಳುವುದಿಲ್ಲ, ಅವನನ್ನೇ ತಿರುತಿರುಗಿ ನೋಡುತ್ತೀರಿ. ಸಾವಕಾರನದು ಬಜಾರದ ನಡುಮಧ್ಯೆ ಬಟ್ಟೆ ಅಂಗಡಿ. ಯಾರ ಮನೆಯ ಮದುವೆ ಇರಲಿ, ಬಸುರಿಯ ಕುಬುಸ ಇರಲಿ, ಜವಳಿ ಅವನ ಅಂಗಡಿಯದೇ. ಮನುಷ್ಯ ಕೆಟ್ಟವನಲ್ಲ ನೋಡಿ. ಮಾತು ಮೆದು, ದೇವರಿಗೆ ನಡೆದುಕೊಳ್ಳುವವನು. ಈ ಕಥೆಗೆ ಕೆಟ್ಟವನು ಬೇಕಾಗಿಯೇ ಇಲ್ಲ.

ಆದರೆ ನಮ್ಮ ಕಥೆ ಅವನದಲ್ಲ. ನಮ್ಮ ಕಥೆ ಒಬ್ಬ ಟಪಾಲಿನವನದು. ಆಯುಷ್ಯವಿಡೀ ಅದೇ ಊರಲ್ಲಿ ಸೈಕಲ್ ತುಳಿದು, ಪತ್ರ ಹಂಚಿ, ನಿವೃತ್ತನಾದವನು. ಎಷ್ಟು ಜನರ ಮನಿಯಾರ್ಡರು ಅವನ ಕೈಮೇಲೆ ಹೋಗಿತ್ತು! 'ಚಹಾಕ್ಕ ಇಟ್ಕೊಳ್ಳೋ ತಮ್ಮಾ' ಅಂತ ಯಾರಾದರೂ ಚಿಲ್ಲರೆ ಕೊಡಲು ಬಂದರೆ ಕೈ ಹಿಂದೆ ಕಟ್ಟಿಕೊಳ್ಳುತ್ತಿದ್ದ. ಮನುಷ್ಯನಿಗೆ ಏನಾದರೂ ಒಂದು ಹೆಮ್ಮೆ ಇರಬೇಕಲ್ಲ, ಅವನಿಗೆ ಇದಿತ್ತು. ಪುರಸಭೆ ಚುನಾವಣೆ ಬಂದಾಗ ಓಣಿಯವರು ಬೆನ್ನು ಹತ್ತಿದರು. ಇಂಥ ಶುದ್ಧ ಕೈಯವನು ಒಬ್ಬನಾದರೂ ಒಳಗೆ ಇರಲಿ ಅಂದರು. ಅವನು ನಿಂತ.

ನಿಂತ ಮೇಲೆ ತೊಂದರೆ ಶುರುವಾಯಿತು. ಏನು ತೊಂದರೆ? ಅಂಗಿ! ನೌಕರಿ ಇರುವಷ್ಟು ದಿನ ಸರ್ಕಾರದ ಖಾಕಿ ತೊಟ್ಟವನು, ತನ್ನದು ಅಂತ ಹೊಲಿಸಿಕೊಂಡದ್ದೇ ಕಡಿಮೆ. ಇದ್ದದ್ದು ಕಾಲರ್ ಸವೆದ ಒಂದೆರಡು ಅಂಗಿ, ಹಳೇ ಧೋತರ. ಎದುರಾಳಿ ಒಬ್ಬ ಗುತ್ತಿಗೆದಾರ. ಇಸ್ತ್ರಿ ಮುರಿಯದ ಬಿಳಿ ಅಂಗಿ, ಮೈಮೇಲೆ ಅತ್ತರು. ಇಬ್ಬರೂ ಅದೇ ಓಣಿ, ಅದೇ ಮನೆಗಳಿಗೆ ಹೋದರು. ಗುತ್ತಿಗೆದಾರನಿಗೆ ಕುರ್ಚಿ ಬಂತು, ಚಹಾ ಬಂತು. ಟಪಾಲಿನವ ಅದೇ ಮನೆಯ ಬಾಗಿಲಲ್ಲಿ ನಿಂತೇ ಇದ್ದ. ಒಳಗಿಂದ ಮನೆಯ ಯಜಮಾನನ ಮಾತು ಅವನ ಕಿವಿಗೆ ಬಿತ್ತು.

'ತನ್ನ ಅಂಗಿನ ಸುದ್ದ ಮಾಡ್ಕೊಳ್ಳಲಾರದಾಂವ, ನಮ್ಮ ಗಟಾರ ಏನ್ ಸುದ್ದ ಮಾಡ್ಯಾನು?'

ನಗುತ್ತೀರಿ. ನಗಿ, ನಗಿ. ಅವನೂ ಆ ಮನೆಯೆದುರು ನಕ್ಕೇ ಮುಂದೆ ಹೋದ. ಆದರೆ ಮುಂದಿನ ಮನೆಯ ಬಾಗಿಲು ತಟ್ಟುವ ಮೊದಲು ಕಾಲರನ್ನು ಒಳಕ್ಕೆ ಮಡಚಿಕೊಂಡ.

ಬಜಾರದಲ್ಲಿ ಒಂದು ಹಳೇ ಕಲ್ಲಿನ ಕಟ್ಟೆ. ಸಾವಕಾರನ ಅಂಗಡಿಗೆ ಹೊಂದಿಕೊಂಡೇ ಇದೆ, ಪುರಸಭೆಯ ಜಾಗ. ಕಾಯಿಪಲ್ಯೆ ಮಾರುವ ಹೆಂಗಸರು ಅಲ್ಲೇ ಕೂರುವುದು. ಅವರ ಅತ್ತೆಯರೂ ಅಲ್ಲೇ ಕೂತು ಮಾರಿದವರು. ಟಪಾಲಿನವ ಮತ ಕೇಳಲು ಅಲ್ಲಿಗೆ ಹೋದಾಗ ಮೆಂತ್ಯೆ, ರಾಜಗಿರಿ ಮಾರುವ ಒಬ್ಬ ಮುದುಕಿ ಅವನನ್ನು ಹತ್ತಿರ ಕರೆದಳು. ಸೊಂಟದ ಚೀಲ ಬಿಚ್ಚಿ, ಮಡಚಿದ ಹತ್ತರ ನೋಟೊಂದು ತೆಗೆದಳು.

'ಚುನಾವಣಿ ಅಂದ್ರ ಖರ್ಚ ಇರ್ತೈತಿ. ಇಟ್ಕೊ ಟಪಾಲಣ್ಣ.'

'ಬ್ಯಾಡಬೇ ಯವ್ವಾ. ನಾ ಯಾರ ರೊಕ್ಕಾನೂ ಮುಟ್ಟೂದಿಲ್ಲ.'

'ನಂದೂ ಮುಟ್ಟೂದಿಲ್ಲನು?'

'ಯಾರದೂ ಇಲ್ಲ.'

ಅವಳ ಹಿಂದೆ ಇನ್ನೂ ನಾಲ್ಕಾರು ಹೆಂಗಸರು ಚೀಲ ಸಡಿಲ ಮಾಡಿದ್ದರು. ಮತ್ತೆ ಬಿಗಿದುಕೊಂಡರು. ಮುದುಕಿಯ ಮುಖ ಸಣ್ಣದಾಯಿತು. 'ಹಂಗಾರ ಬಿಡು. ನೀ ಆರಿಸಿ ಬಂದ್ರ ಈ ಕಟ್ಟಿಗೆ ಒಂದು ನೆರಳ ಮಾಡಿಸಿಕೊಡು. ಬಿಸಲಾಗ ಪಲ್ಯೆ ಬಾಡತೈತಿ, ನಾವೂ ಬಾಡತೀವಿ' ಅಂದಳು. ಅವನು ಮಾಡಿಸುತ್ತೇನೆ ಅಂದ. ಮನಸಾರೆ ಅಂದ. ಮನೆಗೆ ನಡೆಯುವಾಗ ಅವನಿಗೆ ಬಹಳ ಖುಷಿ. ಬಡವರ ದುಡ್ಡನ್ನೂ ಮುಟ್ಟಲಿಲ್ಲ ನಾನು ಅನ್ನುವ ಖುಷಿ.

ಮರುದಿನ ಮಧ್ಯಾಹ್ನ ಸಾವಕಾರ ಹೆಂಡತಿಯ ಜೊತೆ ಅವನ ಮನೆಗೇ ಬಂದ. ಕೈಯಲ್ಲಿ ತಾಟು. ತಾಟಿನಲ್ಲಿ ಅರಿಸಿನ, ಕುಂಕುಮ, ಕಾಯಿ, ಬಿಳಿ ಅಂಗಿ, ಅಂಚಿನ ಧೋತರ, ಒಂದು ಇಳಕಲ್ ಸೀರೆ. ಟಪಾಲಿನವ ಎದ್ದು ನಿಂತು ಕೈ ಹಿಂದೆ ಕಟ್ಟಿಕೊಂಡ.

'ಸಾವಕಾರ್ರ, ನಾನು ಏನೂ ತಗೊಳ್ಳಾಂವಲ್ಲ. ನಿಮಗ ಗೊತ್ತೈತಿ.'

'ಗೊತ್ತಿದ್ದs ಬಂದೀನ್ರಿ. ರೊಕ್ಕಾ ತಂದೀನೇನು? ಒಂದು ರೂಪಾಯಿ ತಂದಿದ್ರ ನಾಯಿ ಬಿಡ್ರಿ ನನ್ನ ಮ್ಯಾಲ. ಇದು ಆಯೇರಿ. ನಿಮ್ಮ ಮನಿಯಾಕಿ ನನಗ ತಂಗಿ ಇದ್ಹಾಂಗ. ತಂಗಿಗೆ ಅಣ್ಣ ಸೀರಿ ಉಡಿಸಬಾರದೇನ್ರಿ?'

ಆಯೇರಿ ಅಂದರೇನು ಅಂತ ನಿಮಗೆ ಹೇಳಬೇಕಾಗಿಲ್ಲ. ಪರಸ್ಥಳದಿಂದ ಬಂದವರು ಇದ್ದಾರೆ, ಅವರಿಗೆ ಹೇಳುತ್ತೇನೆ. ಮನೆಯಲ್ಲಿ ಕಾರ್ಯ ಆದಾಗ ನೆಂಟರು ಬಂದು ಬಟ್ಟೆ ಉಡಿಸುತ್ತಾರೆ. ಬೇಡ ಅನ್ನುವ ಹಾಗಿಲ್ಲ, ಅಂದರೆ ನೆಂಟಸ್ತನ ಮುರಿದ ಹಾಗೆ. ತೊಟ್ಟವನು ಅವರ ಮನೆಯ ಕಾರ್ಯಕ್ಕೆ ಅಷ್ಟೇ ತೂಕದ್ದನ್ನು ತಿರುಗಿ ಉಡಿಸಬೇಕು. ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಆದರೆ ಯಾರೂ ಮರೆಯುವುದಿಲ್ಲ, ಹೌದೋ ಅಲ್ಲವೋ ತಾಯಂದಿರೇ?

ಟಪಾಲಿನವ ಹೆಂಡತಿಯ ಕಡೆ ನೋಡಿದ. ಆಕೆಗೆ ಅಣ್ಣತಮ್ಮಂದಿರಿಲ್ಲ. ಹಬ್ಬಕ್ಕೆ, ಪಂಚಮಿಗೆ ಕರೆಯುವವರಿಲ್ಲ. ಓಣಿಯ ಹೆಂಗಸರೆಲ್ಲ ತವರಿನ ಸೀರೆ ಉಟ್ಟು ಓಡಾಡುವಾಗ ಒಳಗೇ ಕೂತು ಕೆಲಸ ಮಾಡಿಕೊಂಡವಳು. ಅಣ್ಣ ಅನ್ನುವ ಮಾತು ಕಿವಿಗೆ ಬಿದ್ದಾಗ ಆಕೆಯ ಕಣ್ಣು ತುಂಬಿತ್ತು. ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು. ಈಗ ಇಲ್ಲ ಅನ್ನಲು ಯಾವ ಗಂಡನಿಗೆ ಬಾಯಿ ಬರುತ್ತದೆ, ಹೇಳಿ?

ಅಂಗಿ ತೊಟ್ಟ. ಮರುದಿನ ಅದೇ ಓಣಿಗೆ ಹೋದ, ಕುರ್ಚಿ ಬಂತು! ಚಹಾ ಬಂತು! ಗಟಾರದ ಮಾತಾಡಿದ್ದ ಯಜಮಾನ ತಾನೇ ಹೊರಗೆ ಬಂದು ಕೈ ಹಿಡಿದು ಒಳಗೆ ಕರೆದ. ಆಮೇಲೆ ಮೆರವಣಿಗೆಗೆ ಅಂತ ಒಂದು ಜೊತೆ ಬಂತು, ಸಭೆಗೆ ಅಂತ ಒಂದು ಜೊತೆ ಬಂತು, ಬೆವರಿದರೆ ಬದಲಿಸಲು ಅಂತ ಇನ್ನೊಂದು ಬಂತು. ಎಲ್ಲಾ ಆಯೇರಿ. ಚುನಾವಣೆ ಖರ್ಚಿನ ಲೆಕ್ಕ ಕೊಡುವಾಗ 'ಯಾರಿಂದಲೂ ಹಣ ಪಡೆದಿಲ್ಲ' ಅಂತ ಬರೆದು ಸಹಿ ಮಾಡಿದ. ಸುಳ್ಳಲ್ಲ ನೋಡಿ, ಅಕ್ಷರಕ್ಕೆ ಅಕ್ಷರ ಖರೆ. ಗುತ್ತಿಗೆದಾರನ ಬಿಳಿ ಅಂಗಿಯೂ ಅದೇ ಅಂಗಡಿಯಿಂದಲೇ ಹೋಗಿತ್ತು ಅನ್ನುವುದು ಅವನಿಗೆ ಆಮೇಲೆ ಗೊತ್ತಾಯಿತು. ಸಾವಕಾರ ಯಾರಲ್ಲೂ ಭೇದ ಎಣಿಸಿದವನಲ್ಲ.

ಟಪಾಲಿನವ ಗೆದ್ದ. ಮನೆಯಲ್ಲಿ ಬಟ್ಟೆ ಇಡಲು ಜಾಗ ಸಾಲದಾಯಿತು. ಪಾತ್ರೆ ಮಾರುವವಳು ಬಾಗಿಲಿಗೆ ಬಂದಾಗ ಹೆಂಡತಿ ಹಳೇ ಅಂಗಿ, ಹಳೇ ಧೋತರ ಎಲ್ಲ ಅವಳಿಗೆ ಹಾಕಿ ಒಂದು ಸ್ಟೀಲ್ ಪಾತೇಲಿ ತೆಗೆದುಕೊಂಡಳು. ಚೌಕಾಸಿ ಮಾಡಿ ಮೇಲೊಂದು ಸೌಟನ್ನೂ ತೆಗೆದುಕೊಂಡಳು.

ಮಳೆಗಾಲ ಮುಗಿಯುವ ಹೊತ್ತಿಗೆ ಪುರಸಭೆಗೆ ಒಂದು ಠರಾವು ಬಂತು. ಕಲ್ಲಿನ ಕಟ್ಟೆಯ ಜಾಗವನ್ನು ಸಾವಕಾರನ ಅಂಗಡಿಗೆ ದೀರ್ಘಕಾಲದ ಬಾಡಿಗೆಗೆ ಕೊಡುವುದು, ಪಲ್ಯೆ ಮಾರುವವರನ್ನು ಊರ ಹೊರಗಿನ ಖಾಲಿ ಜಾಗಕ್ಕೆ ಕಳಿಸುವುದು. ಆ ಜಾಗಕ್ಕೆ ಕತ್ತೆಯೂ ಹೋಗುವುದಿಲ್ಲ, ಗಿರಾಕಿ ಎಲ್ಲಿಂದ ಬರಬೇಕು? ಸದಸ್ಯರು ಅರ್ಧ ಇತ್ತ, ಅರ್ಧ ಅತ್ತ. ಟಪಾಲಿನವನ ಕೈ ಎತ್ತ ಹೋಗುತ್ತದೋ ಕಟ್ಟೆ ಅತ್ತ.

ಅವನು ಆಗಲೇ ತೀರ್ಮಾನ ಮಾಡಿದ್ದ. ಆಗುವುದಿಲ್ಲ ಅನ್ನಬೇಕು. ಸಾವಕಾರ ಮನೆಗೆ ಬಂದೇ ಬರುತ್ತಾನೆ, ಬಂದರೆ ಹೀಗೆ ಹೇಳಬೇಕು, ಹಾಗೆ ಹೇಳಬೇಕು ಅಂತ ಮಾತು ಜೋಡಿಸಿಕೊಂಡು ಕಾದ. ಸಾವಕಾರ ಬರಲೇ ಇಲ್ಲ. ಹೇಳಿ ಕಳಿಸಲೂ ಇಲ್ಲ. ಬಂದು ಕೇಳಿದ್ದರೆ ಒಳ್ಳೆಯದಿತ್ತು. ಕೇಳಿದವನಿಗೆ ಇಲ್ಲ ಅನ್ನಬಹುದು. ಕೇಳದವನಿಗೆ ಏನು ಅನ್ನುತ್ತೀರಿ?

ಸಭೆಯ ದಿನ ಬೆಳಿಗ್ಗೆ ಸ್ನಾನ ಮಾಡಿ ಬಂದು ಟ್ರಂಕು ತಡಕಾಡತೊಡಗಿದ.

'ಏನ್ ಹುಡಕಾಕತ್ತೀರಿ?' ಅಂದಳು ಹೆಂಡತಿ.

'ನನ್ನ ಹಳೇ ಅಂಗಿ ಎಲ್ಲಿ?'

'ಅಯ್ಯ, ಅವನ್ನ ಹಾಕೇ ಪಾತೇಲಿ ತಗೊಂಡೇನಲ್ರೀ. ನಿನ್ನಿ ಅದರಾಗs ಮಾಡಿದ ಸಾರು ಉಂಡ್ರಿ.'

'ನಂದು ಅಂತ ಒಂದೂ ಇಲ್ಲನು?'

'ಎಲ್ಲಾ ನಿಮ್ಮವs ಅಲ್ಲೇನ್ರೀ? ಅಣ್ಣಾರು ಕೊಟ್ಟದ್ದು ಅಂದ್ರ ನಮ್ದs.'

ಬನಿಯನ್ನಿನಲ್ಲೇ ಬಾಗಿಲವರೆಗೆ ಬಂದ. ಹೀಗೇ ಹೋಗಿಬಿಡಲೇ ಅನ್ನಿಸಿತು. ಜನ ಏನಂದಾರು ಅಂತಲೂ ಅನ್ನಿಸಿತು. ಅಂಗಿಗೂ ಮತಕ್ಕೂ ಏನು ಸಂಬಂಧ, ಅಂಗಿ ಯಾರದಾದರೇನು, ಕೈ ನನ್ನದಲ್ಲವೇ ಅಂತ ತನಗೆ ತಾನೇ ಹೇಳಿಕೊಂಡು, ಇದ್ದುದರಲ್ಲೇ ಸಾದಾ ಕಂಡ ಒಂದು ಅಂಗಿ ತೊಟ್ಟು ಹೊರಟ.

ಸಭೆಯಲ್ಲಿ ಸಾವಕಾರ ಹಿಂದಿನ ಕುರ್ಚಿಯಲ್ಲಿ ಕೂತಿದ್ದ. ಇವನನ್ನು ಕಂಡು ಎದ್ದು ಬಂದ. ಠರಾವಿನ ಮಾತಿಲ್ಲ, ಕಟ್ಟೆಯ ಮಾತಿಲ್ಲ. ಮಡಚಿಕೊಂಡಿದ್ದ ಕಾಲರನ್ನು ಮನೆಯವರು ಮಾಡುವಂತೆ ಬೆರಳಿನಿಂದ ನೆಟ್ಟಗೆ ಮಾಡಿದ.

'ಈ ಅಂಗಿ ನಿಮಗ ಭಾಳ ಒಪ್ಪತೈತಿ ನೋಡ್ರಿ. ತಂಗಿ ಆರಾಮ ಅದಾಳಲ್ಲ?'

ಇಷ್ಟೇ. ಹೋಗಿ ಕೂತ.

ಅಧ್ಯಕ್ಷರು ಠರಾವು ಓದಿ, ಒಪ್ಪಿಗೆ ಇದ್ದವರು ಕೈ ಎತ್ತಿ ಅಂದರು. ಟಪಾಲಿನವ ಕೈಯನ್ನು ತೊಡೆಯ ಮೇಲೆ ಒತ್ತಿ ಹಿಡಿದಿದ್ದ. ದುಡ್ಡು ತೆಗೆದುಕೊಂಡಿದ್ದರೆ ಅಲ್ಲೇ ಎಸೆದು, ತಗೋ ನಿನ್ನ ರೊಕ್ಕ ಅನ್ನಬಹುದಿತ್ತು. ಹೆಂಡತಿ ಕಣ್ಣಿಗೊತ್ತಿಕೊಂಡು ಉಟ್ಟ ಸೀರೆಯನ್ನು ಏನಂತ ಹಿಂದಿರುಗಿಸುವುದು? ಆಯೇರಿ ತೊಟ್ಟವನು ತಿರುಗಿ ಕೊಡಲೇಬೇಕು. ಪಿಂಚಣಿಯಲ್ಲಿ ಬದುಕುವವನ ಹತ್ತಿರ ಸಾವಕಾರನಿಗೆ ಕೊಡುವಂಥದು ಏನಿದೆ? ಒಂದೇ ಒಂದು ಇತ್ತು. ಕೈ ಮೇಲೆದ್ದಿತು. ಯಾರೂ ಎತ್ತಿಸಲಿಲ್ಲ, ಯಾರೂ ಹೆದರಿಸಲಿಲ್ಲ. ಅವನೇ ಎತ್ತಿದ.

ಹೊರಗೆ ಮೆಟ್ಟಿಲ ಹತ್ತಿರ ಮುದುಕಿ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಸುದ್ದಿ ಆಗಲೇ ಮುಟ್ಟಿತ್ತು. ಬಯ್ಯುತ್ತಾಳೆ ಅಂತ ತಲೆ ತಗ್ಗಿಸಿ ನಿಂತ. ಅವಳು ಬಯ್ಯಲಿಲ್ಲ.

'ಟಪಾಲಣ್ಣ, ನಾಳಿಗೆ ನಾ ಎಲ್ಲಿ ಕುಂದ್ರಲಿ?'

ಊರಿನ ಪ್ರತಿ ಮನೆ, ಪ್ರತಿ ಓಣಿ ಬಲ್ಲವನು ಅವನು. ಅವಳಿಗೆ ಒಂದು ಜಾಗ ತೋರಿಸಲಾಗಲಿಲ್ಲ. ಅವಳು ಬುಟ್ಟಿ ಎತ್ತಿಕೊಂಡು ಹೋದಳು.

ಕಥೆ ಇಷ್ಟೇ. ಈಗ ಹೇಳಿ, ತಪ್ಪು ಯಾರದು? ಸಾವಕಾರನದು ಅನ್ನುತ್ತೀರಿ. ಅವನು ವ್ಯಾಪಾರಿ, ಬಟ್ಟೆ ಕೊಟ್ಟ, ಬೆಲೆ ಪಡೆದ. ಟಪಾಲಿನವನದು ಅನ್ನುತ್ತೀರಿ. ಅವನದು ಖಂಡಿತ ಇದೆ. ಆದರೆ ಎಲ್ಲಿ? ಅಂಗಿ ತೊಟ್ಟಲ್ಲಿ ಅಂತ ನೀವು ತಿಳಿದಿದ್ದೀರಿ. ಅದಕ್ಕೂ ಮೊದಲೇ ತಪ್ಪಿದ್ದ. ಆ ಮುದುಕಿಯ ಹತ್ತರ ನೋಟು ಬೇಡ ಅಂದನಲ್ಲ, ಅಲ್ಲಿ ತಪ್ಪಿದ. ಅದನ್ನು ತೆಗೆದುಕೊಂಡಿದ್ದರೆ ಅವಳ ಋಣದಲ್ಲಿ ಇರುತ್ತಿದ್ದ. ಕಟ್ಟೆಯ ಹೆಂಗಸರೆಲ್ಲರ ಋಣದಲ್ಲಿ ಇರುತ್ತಿದ್ದ. ಆ ಋಣವೇ ಅವನ ಕೈ ಹಿಡಿದು ಕೆಳಗೆ ಕೂರಿಸುತ್ತಿತ್ತು. ಯಾರ ಋಣವೂ ಬೇಡ ಅನ್ನುವುದು ಶುದ್ಧತೆಯಲ್ಲ, ಅಹಂಕಾರ. ಋಣವಿಲ್ಲದೆ ಯಾರೂ ಬದುಕುವುದಿಲ್ಲ. ಯಾರ ಋಣ ಅನ್ನುವುದನ್ನಷ್ಟೇ ನಾವು ಆರಿಸಿಕೊಳ್ಳಬಹುದು.

ಮತ್ತೆ ನಿಮ್ಮ ತಪ್ಪು? ಹೌದು, ನಿಮ್ಮದೇ. ಆಗ ಗಟಾರದ ಮಾತಿಗೆ ನಕ್ಕಿರಲ್ಲ! ಸವೆದ ಅಂಗಿಯವನಿಗೆ ಕುರ್ಚಿ ಹಾಕದೆ ನಿಲ್ಲಿಸಿದವರು ಯಾರು? ಸಾವಕಾರನೇ? ಬಿಳಿ ಅಂಗಿ ಕಂಡಾಕ್ಷಣ ಚಹಾ ತಂದವರು ಯಾರು? ಆ ಅಂಗಿಗೆ ಬಟ್ಟೆ ಸಾವಕಾರ ಕೊಟ್ಟಿರಬಹುದು, ಹೊಲಿಸಿದವರು ನೀವು. ಗಾಡಿ ಎಷ್ಟು, ಹಾರ ಎಷ್ಟು, ಪಟಾಕಿ ಎಷ್ಟು ಅಂತ ನೋಡಿ ಮತ ಹಾಕುವವರು ನೀವು. ಅಷ್ಟೆಲ್ಲ ಖರ್ಚಿಗೆ ಅವನಿಗೆ ಎಲ್ಲಿಂದ ಬಂತು ಅಂತ ಆಮೇಲೆ ಮನೆಯ ಜಗಲಿಯ ಮೇಲೆ ಕೂತು ಮೂಗು ಮುರಿಯುವವರೂ ನೀವೇ.

ಅಂದ ಹಾಗೆ, ಮುಂದಿನ ಸಾಲಿನಲ್ಲಿ ಒಬ್ಬರು ತಾಟಿನಲ್ಲಿ ಶಾಲು ಇಟ್ಟುಕೊಂಡು ಕೂತಿದ್ದಾರೆ. ಪ್ರವಚನ ಮುಗಿದ ಕೂಡಲೇ ನನಗೆ ಹೊದಿಸಬೇಕಂತೆ. ಈ ಸಲ ಅವರೂ ಚುನಾವಣೆಗೆ ನಿಂತಿದ್ದಾರಂತೆ. ಅಣ್ಣಾ, ಬೇಸರ ಮಾಡಿಕೊಳ್ಳಬೇಡಿ, ಅದು ತಾಟಿನಲ್ಲೇ ಇರಲಿ. ನಾಳೆ ನಿಮಗೆ ಒಂದು ಬಿರುಸು ಮಾತು ಹೇಳಬೇಕಾಗಿ ಬಂದರೆ ನನ್ನ ಹೆಗಲು ಹಗುರ ಇರಬೇಕು.

ಈಗ ಮನೆಗೆ ಹೋಗಿ ಮಾಡುವ ಕೆಲಸ ಕೇಳಿ. ಮತ ಕೇಳಲು ಸಾದಾ ಅಂಗಿಯವನು ಬಂದರೆ ಮೊದಲು ಕುರ್ಚಿ ಹಾಕಿ. ಅವನ ಮಾತು ಪೂರ್ತಿ ಕೇಳಿ. ಮನಸ್ಸಿಗೆ ಬಂದರೆ ನಿಮ್ಮ ಒಂದು ಹೊತ್ತಿನ ಚಹಾದ ದುಡ್ಡನ್ನು ಅವನ ಕೈಗಿಡಿ, ನಾಲ್ಕು ಜನರ ಎದುರಿಗೇ ಇಡಿ. ಬೇಡ ಅಂದರೆ ಬೈದು ಕೊಡಿ. ತಾಯಂದಿರೇ, ಸೀರೆ ಹಿಡಿದು ಬಂದವನನ್ನು ಅಣ್ಣ ಅನ್ನುವ ಮೊದಲು, ಇವನ ಮನೆಯ ಕಾರ್ಯಕ್ಕೆ ನಾನು ಇಷ್ಟೇ ತೂಕದ್ದು ಉಡಿಸಬಲ್ಲೆನೇ ಅಂತ ಒಮ್ಮೆ ಕೇಳಿಕೊಳ್ಳಿ. ಆಗದಿದ್ದರೆ ಕುಂಕುಮ ಹಚ್ಚಿಸಿಕೊಂಡು ಸೀರೆ ತಿರುಗಿ ಕಳಿಸಿ. ನೆಂಟಸ್ತನ ಏನೂ ಮುರಿಯುವುದಿಲ್ಲ.

ನಾವು ಕೊಟ್ಟರೆಷ್ಟು, ಬಿಟ್ಟರೆಷ್ಟು ಅನ್ನಬೇಡಿ. ನೀವು ಬರಿಗೈಯಲ್ಲಿ ಕಳಿಸಿದವನು ಬರಿಗೈಯಲ್ಲಿ ಮನೆ ಮುಟ್ಟುವುದಿಲ್ಲ. ದಾರಿಯಲ್ಲಿ ಕೊಡುವವರು ಕಾದುಕೊಂಡೇ ಇರುತ್ತಾರೆ. ಅವರು ಕೊಡುವ ಮೊದಲು ನೀವು ಕೊಡಿ.