ಕಳಿಸುವ ಹಾಡನ್ನು ಎರಡನೇ ಸಲ ಹಾಡಿದ ಬಗ್ಗೆ

ಹುಲುಗಮ್ಮ, ಗಂಡ ಗಾಳೆಪ್ಪ, ವಯಸ್ಸು ಸುಮಾರು 52, ಜಾತಿ ಕಿಳ್ಳೇಕ್ಯಾತ, ಕೆಲಸ ತೊಗಲುಗೊಂಬೆ ಆಟ ಮತ್ತು ಮೀನು ಹಿಡಿಯುವುದು, ವಾಸ ಕಂಪ್ಲಿ ಹೊಳೆದಂಡೆ. ನಾನು ಖುದ್ದಾಗಿ ಠಾಣೆಗೆ ಬಂದು ಹೇಳಿ ಬರೆಸುತ್ತಿರುವುದೇನೆಂದರೆ:

ನನ್ನ ಗಂಡ ಗೊಂಬೆ ಆಡಿಸುತ್ತಾರೆ, ನಾನು ಪರದೆಯ ಹಿಂದೆ ಹಾಡುತ್ತೇನೆ. ಗೊಂಬೆ ಹರಿದುಹೋದರೆ ನಮ್ಮವರಿಗೆ ಅದು ಹೆಣ. ಹೊಳೆಗೆ ಬಿಟ್ಟು, ನಿನ್ನ ಆಟ ಮುಗಿಯಿತು, ಹೋಗು ಎಂದು ಕಳಿಸುವ ಹಾಡು ಹೇಳುತ್ತೇವೆ. ನಡುವೆ ನಿಲ್ಲಿಸಿದರೆ ಹೋಗುವವರು ಇಲ್ಲಿಯೂ ಇಲ್ಲ, ಅಲ್ಲಿಯೂ ಇಲ್ಲ ಎಂದಾಗುತ್ತದೆ.

ದಿನಾಂಕ 18-2-1988ರ ಗುರುವಾರ ಬೆಳಿಗ್ಗೆ 9 ಗಂಟೆಗೆ, ಮನೆತನದ ವಾಡಿಕೆಯಂತೆ ಹಂಪಿಯ ಹೊಳೆಯಲ್ಲಿ ತೋಳು ಹರಿದ ರಾಮನ ಗೊಂಬೆಯನ್ನು ಬಿಟ್ಟೆವು. 10-30ಕ್ಕೆ ಗೈಡ್ ಮರಿಸ್ವಾಮಿ ಒಬ್ಬ ವಿದೇಶಿ ಗಂಡಸು ಮತ್ತು ಹೆಂಗಸನ್ನು ಕರೆತಂದನು. ಎಲ್ಲ ಮುಗಿದದ್ದು ತಿಳಿದು ಆ ಹೆಂಗಸಿನ ಮುಖ ಸಣ್ಣದಾಯಿತು. ಯಾವುದಾದರೂ ಗೊಂಬೆ ಹಿಡಿದು ಇನ್ನೊಮ್ಮೆ ಮಾಡಿರಿ, ಫೋಟೋ ಚೆನ್ನಾಗಿ ಬಂದರೆ ವಾರವಾರ ಜನ ಕರೆತರುತ್ತೇನೆ ಎಂದು ಮರಿಸ್ವಾಮಿ ಹೇಳಿದನು. ಹೆಣವೇ ಇಲ್ಲದೆ ಎಂಥ ಮಣ್ಣು ಎಂದು ನಾನು ಬೈದೆನು. ಆದರೆ ಕಂಪ್ಲಿಗೆ ಟೆಂಟ್ ಸಿನಿಮಾ ಬಂದ ಮೇಲೆ ನಮ್ಮ ಆಟಕ್ಕೆ ನಾಯಿಯೂ ಬರುವುದಿಲ್ಲ. ಕುಣಿಯುವ ಗೊಂಬೆಗೆ ಪಕ್ಕದ ಓಣಿಯವರಿಲ್ಲ, ಸತ್ತ ಗೊಂಬೆಗೆ ವಿಮಾನ ಹತ್ತಿ ಬರುತ್ತಾರೆ. ನನ್ನ ಗಂಡ ಒಪ್ಪಿದರು.

11 ಗಂಟೆಗೆ ಅವರು ಪೆಟ್ಟಿಗೆಯಿಂದ ಲಕ್ಷ್ಮಣನ ಗೊಂಬೆ ತೆಗೆದರು. ಅದು ಗಟ್ಟಿಮುಟ್ಟಾಗಿತ್ತು. ಗೊಂಬೆಯನ್ನು ನೀರಿಗೆ ಬಿಟ್ಟ ಮೇಲೆಯೇ ಹಾಡುವುದು ಪದ್ಧತಿ. ಆದರೆ ಕ್ಯಾಮೆರಾ ಹಿಡಿದಿದ್ದ ಆ ವಿದೇಶಿ ಗಂಡಸು, ಅದನ್ನು ಎದೆಗೆ ಹಿಡಿದು ದಂಡೆಯಿಂದ ಹತ್ತು ಅಡಿ ದೂರ ನೀರಲ್ಲಿ ನಿಲ್ಲಲು ನನ್ನ ಗಂಡನಿಗೆ ಸನ್ನೆ ಮಾಡಿದನು. ಅವರು ಹಾಗೆಯೇ ನಿಂತರು. ನಾನು ದಂಡೆಯ ಮೇಲೆ ನಿಂತು ಗಂಡನ ಮುಖ ನೋಡುತ್ತ ಹಾಡಿದೆನು. ತಪ್ಪಾದದ್ದು ಅಲ್ಲಿ.

ಹೋಗು ಎಂದಾಗಲೆಲ್ಲ ಅವರು ಒಂದು ಹೆಜ್ಜೆ ಹಿಂದಿಟ್ಟರು. ಫೋಟೋಕ್ಕಾಗಿ ಇರಬೇಕು ಎಂದುಕೊಂಡೆನು. ನೀರು ಸೊಂಟಕ್ಕೆ ಬಂದಾಗ ಹೆದರಿ ನಾನು ಹಾಡು ನಿಲ್ಲಿಸಹೋದೆನು. ಆಗ ಅವರು, "ಹಾಡವ್ವ, ನಿಲ್ಲಸಬ್ಯಾಡ. ನಾ ಇನ್ನಾ ದಾಟಿಲ್ಲ" ಎಂದರು. ಅದು ಆಟದಲ್ಲಿ ಅವರು ಲಕ್ಷ್ಮಣನಿಗೆ ಕೊಡುತ್ತಿದ್ದ ದನಿ. ಮೂವತ್ತು ವರ್ಷದ ಸಂಸಾರದಲ್ಲಿ ಅವರು ನನ್ನನ್ನು ಲೇ ಎಂದೇ ಕರೆದದ್ದು, ಅವ್ವ ಎಂದದ್ದಿಲ್ಲ.

ಹಾಡು ಮುಗಿದಾಗ ಅಲ್ಲಿ ಅವರೂ ಇರಲಿಲ್ಲ, ಗೊಂಬೆಯೂ ಇರಲಿಲ್ಲ. ನೀರು ಅಲುಗಿರಲಿಲ್ಲ. ವಿದೇಶದವರಿಬ್ಬರೂ ಚಪ್ಪಾಳೆ ತಟ್ಟಿದರು.

ಹರಿಗೋಲಿನವರು ಸಂಜೆ 5ರವರೆಗೆ ಕೋಲು ಹಾಕಿ ಹುಡುಕಿದರು. ಆ ಜಾಗದಲ್ಲಿ ಎಲ್ಲಿಯೂ ನಾಲ್ಕು ಅಡಿಗಿಂತ ಹೆಚ್ಚು ನೀರಿಲ್ಲ, ಕೆಳಗೆ ಬಂಡೆ. ನನ್ನ ಗಂಡ ಐದೂವರೆ ಅಡಿ ಎತ್ತರ, ಈಜು ಬಲ್ಲವರು.

ಕಾಲು ಜಾರಿ ಮುಳುಗಿದರೆಂದು ಬರೆಯಲೇ ಎಂದು ಸಾಹೇಬರು ಕೇಳಿದರು. ಬೇಡವೆಂದಿದ್ದೇನೆ. ಹೋಗುತ್ತಿರುವುದು ಕಂಡ ಮೇಲಾದರೂ ಯಾಕೆ ಕೂಗಿ ಕರೆಯಲಿಲ್ಲ ಎಂದೂ ಕೇಳಿದರು. ಆಗ ಇನ್ನೂ ಎರಡು ಸಾಲು ಬಾಕಿಯಿದ್ದವು. ಅವರು ನಡುವೆ ಸಿಕ್ಕಿಕೊಳ್ಳಬಾರದೆಂದು ನಾನೇ ಪೂರ್ತಿ ಹಾಡಿ ಕಳಿಸಿದೆನು.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಸುಳ್ಳು ಸೇರಿಸಿಲ್ಲ.

ಸ್ಥಳ: ಹಂಪಿ
ದಿನಾಂಕ: 19-2-1988
ಹುಲುಗಮ್ಮಳ ಎಡಗೈ ಹೆಬ್ಬೆಟ್ಟಿನ ಗುರುತು